ಹತ್ತನೆಯ ಮಗುವಿನ ತೂಕ

ಒಂಬತ್ತು ಮಕ್ಕಳಿಗೆ ತೂಕವಿರಲಿಲ್ಲ.

ಚಿಸೆಂಗು ಹಳ್ಳಿಯಿಂದ ಬಂದ ಪಟ್ಟಿಯಲ್ಲಿ ನೂರಿಪ್ಪತ್ತು ಹೆಸರು. ಒಂಬತ್ತರ ಮುಂದೆ ಖಾಲಿ. ಪೌಷ್ಟಿಕತೆ ಕಚೇರಿಯಲ್ಲಿ ಅಂಕಿಅಂಶ ನೋಡುವ ಉಲೇಮು ಕೀಲಿ ಒತ್ತಿದಾಗಲೆಲ್ಲ ಕಂಪ್ಯೂಟರಿನ ಲೆಕ್ಕದ ಭಾಷೆ ಆರ್ ಕೆಂಪಕ್ಷರದಲ್ಲಿ ಬೈಯುತ್ತಿತ್ತು: ಖಾಲಿ ಇದ್ದರೆ ಪರ್ಸೆಂಟೈಲ್ ತೆಗೆಯಲಾರೆ. ಹನ್ನೆರಡಕ್ಕೆ ರಾಜಧಾನಿ ಲಿಲೋಂಗ್ವೆಗೆ ಅಂಕಿ ಹೋಗಬೇಕು. ಆಗಲೇ ಹನ್ನೊಂದೂವರೆ. ಅವನ ಕಾಲು ಮೇಜಿನಡಿ ನಿಲ್ಲದೆ ಕುಣಿಯುತ್ತಿತ್ತು.

ನಿಯಮ ಸರಳ. ವರ್ಷ ತುಂಬಿದ ನೂರು ಮಕ್ಕಳನ್ನು ಹಗುರದಿಂದ ಭಾರಕ್ಕೆ ಸಾಲಾಗಿ ನಿಲ್ಲಿಸಿದರೆ ಹತ್ತನೆಯ ಮಗು ಏಳು ಕೆಜಿ ತೂಗಬೇಕು. ತೂಗದಿದ್ದರೆ ಹಳ್ಳಿಗೆ ಗಂಜಿಹಿಟ್ಟು. ತೂಗಿದರೆ ಲಾರಿ ಬೇರೆ ಊರಿಗೆ. ಕಳೆದ ಸಲ ಆರೂ ಮುಕ್ಕಾಲಿತ್ತು.

ಹಿಟ್ಟು ನಿಲ್ಲಬಾರದೆಂದು ದಷ್ಟಪುಷ್ಟ ಮಕ್ಕಳನ್ನು ತಕ್ಕಡಿಯಿಂದ ದೂರವಿಡುವ ಊರುಗಳನ್ನು ಅವನು ಕಂಡಿದ್ದ. ಹಳ್ಳಿಯ ಆರೋಗ್ಯ ಕಾರ್ಯಕರ್ತೆ ಎಸ್ನಾತ್‌ಗೆ ಫೋನು ಹಚ್ಚಿದ.

“ಎಸ್ನಾತಮ್ಮಾ, ಗುಂಡುಗುಂಡಗಿರೋ ಒಂಬತ್ತು ಮಕ್ಕಳನ್ನ ಎಲ್ಲಿ ಬಚ್ಚಿಟ್ರಿ?”

“ಬಚ್ಚಿಟ್ಟಿಲ್ಲ ಸಾರ್. ಮರಗಳ ಹತ್ರ ಹೋದ್ರು.”

“ಅಣಬೆ ಕೀಳೋಕಾ? ಅವರಮ್ಮಂದಿರಿಗೆ ತಕ್ಕಡಿಗಿಂತ ಅಣಬೆ ಹೆಚ್ಚಾಯ್ತಾ?”

“ಅಮ್ಮಂದಿರು ವಾಪಸ್ ಬಂದ್ರು ಸಾರ್, ಆದ್ರೆ...”

“ನಂಗೆ ಕಥೆ ಬೇಡ, ಅಂಕಿ ಬೇಕು.” ಫೋನಿಟ್ಟ.

ಖಾಲಿಗೆ ಆರ್‌ನಲ್ಲಿ ಮದ್ದಿದೆ. ಆಜ್ಞೆಯ ಕೊನೆಗೆ ‘ಇಲ್ಲದವರನ್ನು ತೆಗೆ’ ಎಂದು ಸೇರಿಸಿದರಾಯಿತು. ಸೇರಿಸಿದ. ಕೆಂಪಕ್ಷರ ಮಾಯ. ಏಳು ಪಾಯಿಂಟ್ ಒಂದು.

ಕಳಿಸಿದ. ಐದೇ ನಿಮಿಷದಲ್ಲಿ ಉತ್ತರ: ಸಂತೋಷ. ಹಿಟ್ಟಿನ ಲಾರಿಯನ್ನು ಬಲಾಕ ಊರಿಗೆ ತಿರುಗಿಸಿದ್ದೇವೆ.

ಕಚೇರಿಯಲ್ಲಿ ಚಹಾ ಕಾಯಿಸುವ ಅಲಿನಾಫೆ ಚಿಸೆಂಗುವಿನವಳೇ. ಲೋಟ ಹಿಡಿದು ಬಂದವಳಿಗೆ ಅವನೇ ಹೇಳಿದ. “ನಿಮ್ಮೂರು ಪಾಸಾಯ್ತು ಕಣಮ್ಮ. ಒಂಬತ್ತು ಮಕ್ಕಳನ್ನ ಬಚ್ಚಿಟ್ರೂ ಪಾಸು! ಕೇಳಿದ್ರೆ ಮರಗಳ ಹತ್ರ ಹೋದ್ರಂತೆ.”

ಅವಳು ಲೋಟವನ್ನು ಮೇಜಿನ ಮೇಲಿಟ್ಟಳು.

“ನಮ್ಮೂರಲ್ಲಿ ಮರ ಎಲ್ಲಿವೆ ಸಾರ್? ಎಲ್ಲಾ ಕಡಿದು ಇದ್ದಿಲು ಮಾಡ್ಕೊಂಡ್ವಿ. ಉಳಿದಿರೋದು ಮಣ್ಣು ಮಾಡೋ ಜಾಗದಲ್ಲಿ ಮಾತ್ರ. ಅಲ್ಲಿ ಯಾರೂ ಕೊಡಲಿ ಎತ್ತಲ್ಲ. ಭಾನುವಾರ ನಾನೂ ಹೋಗಿದ್ದೆ. ಮತ್ತೆರಡು ಪುಟ್ಟ ಗುಂಡಿ ತೋಡಿದ್ರು.”

ಸತ್ತ ಮಕ್ಕಳು ಪಟ್ಟಿ ಬರೆದ ದಿನ ಒಂಬತ್ತು; ಸಾಲಿನಲ್ಲಿ ಎಲ್ಲರಿಗಿಂತ ಹಗುರವಾಗಿದ್ದ ಅವರನ್ನು ತೆಗೆದಿದ್ದಕ್ಕೇ ತೂಕ ಏಳು ದಾಟಿತ್ತು. ಈಗ ಹನ್ನೊಂದು.