ಅಜ್ಜಿಯ ಹೇಳಿಕೆ

ಕಂಡಕ್ಟರ್ ಗದಿಗೆಪ್ಪ ಮುದುಕಿಯೊಬ್ಬಳನ್ನು ಬಸ್ಸಿನಿಂದ ತಳ್ಳಿದನೆಂಬ ಹನ್ನೆರಡು ಸೆಕೆಂಡಿನ ವಿಡಿಯೊ ಊರೂರು ಸುತ್ತಿತು. ಜನ ರೊಚ್ಚಿಗೆದ್ದರು, ಅವನು ಸಸ್ಪೆಂಡ್ ಆದ. ಮೂರನೆಯ ದಿನ ಆ ಮುದುಕಿ ನೀಲವ್ವಳೇ ಅವನ ಮನೆ ಹುಡುಕಿ ಬಂದು, ಅವನನ್ನು ಡಿಪೋಗೆ ಕರೆದೊಯ್ದಳು.

"ಸಾಹೇಬ್ರ, ನಾ ಜೋಲಿ ತಪ್ಪಿ ಬೀಳಾಕತ್ತಿದ್ದೆ. ಈ ತಮ್ಮ ರಟ್ಟಿ ಹಿಡಿದು ಉಳಿಸ್ಯಾನ."

"ನನಗೂ ಗೊತ್ತೈತಿ, ಯವ್ವಾ" ಎಂದರು ಮ್ಯಾನೇಜರ್. "ಜನ ಕೇಳಬೇಕಲ್ಲ."

"ಹಂಗಾದ್ರ ಜನರಿಗೇ ಹೇಳ್ತೀನಿ."

ಗೇಟಿನ ಬಳಿ ನಿಂತಿದ್ದ ಟಿವಿಯವರ ಮುಂದೆ ಅವಳು ಎಲ್ಲವನ್ನೂ ಹೇಳಿದಳು. ಗದಿಗೆಪ್ಪ ಅವಳ ಕಾಲು ಮುಟ್ಟಿ ನಮಸ್ಕರಿಸಿ, ಮನೆಗೆ ಹೋಗಿ, ಮೂರು ದಿನದಲ್ಲಿ ಮೊದಲ ಸಲ ಹೊಟ್ಟೆ ತುಂಬ ಉಂಡ.

ಕೈ ತೊಳೆದು ಬರುವಷ್ಟರಲ್ಲಿ ಟಿವಿಯಲ್ಲಿ ಸುದ್ದಿ ಬರುತ್ತಿತ್ತು: "ಅಜ್ಜಿಯನ್ನು ಹೆದರಿಸಿ ಸುಳ್ಳು ಹೇಳಿಸಿದ ಕಂಡಕ್ಟರ್, ಬಂಧನಕ್ಕೆ ಜನರ ಪಟ್ಟು."