ಐದು ಗಂಟೆಯ ರಿಂಗು

ಎಸ್ಸೆಸ್ಸೆಲ್ಸಿ ವರ್ಷ ನಮ್ಮ ಶಾಲೆಯ ಮೇಷ್ಟ್ರುಗಳು ಓದಿನಲ್ಲಿ ಹಿಂದಿದ್ದವರನ್ನು ತಲಾ ಒಬ್ಬರಂತೆ ದತ್ತು ತೆಗೆದುಕೊಂಡರು. ಗಣಿತದ ಮೇಷ್ಟ್ರ ಪಾಲಿಗೆ ಬಂದವಳು ನಮ್ಮ ಪಕ್ಕದ ಮನೆಯ ಜಯಶೀಲ. ದಿನಾ ಬೆಳಗಿನ ಐದಕ್ಕೆ ಅವರು ಫೋನ್ ಮಾಡಿ ಅವಳನ್ನು ಓದಲು ಎಬ್ಬಿಸುತ್ತಿದ್ದರು. ನಮ್ಮ ಮನೆಯಲ್ಲಿ ಫೋನೇ ಇರಲಿಲ್ಲ. ಎರಡೂ ಮನೆಗಳ ನಡುವೆ ಇದ್ದದ್ದು ಒಂದು ತಗಡಿನ ಗೋಡೆ. ಅವಳ ಫೋನು ಬಡಿದುಕೊಂಡ ಕೂಡಲೇ ನನ್ನ ಹೊಟ್ಟೆ ಉರಿಯುತ್ತಿತ್ತು. ಅವಳಿಗಿಂತ ಮುಂದೆ ಹೋಗಲೇಬೇಕೆಂದು ನಾನೂ ಎದ್ದು ಪುಸ್ತಕ ಹಿಡಿಯುತ್ತಿದ್ದೆ.

ಅವಳು ಫೇಲಾಗಿ ಗಾರ್ಮೆಂಟ್ಸ್ ಸೇರಿದಳು, ಮಧ್ಯಾಹ್ನದ ಪಾಳಿಗೆ. ನಾನು ಪಿಯುಸಿಗೆ, ಆಮೇಲೆ ಡಿಗ್ರಿಗೆ ಹೋದೆ. ಆದರೂ ಐದಕ್ಕೆ ಸರಿಯಾಗಿ ಅದೇ ರಿಂಗು ಕೇಳುತ್ತಲೇ ಇತ್ತು. ಫೇಲಾದವಳ ಮೇಲೂ ಇಷ್ಟೊಂದು ಅಕ್ಕರೆಯೇ ಎಂದು ಹಲ್ಲು ಕಡಿಯುತ್ತ ನಾನೂ ಏಳುತ್ತಲೇ ಇದ್ದೆ.

ವಿಶ್ವವಿದ್ಯಾಲಯದಲ್ಲಿ ಎಂಎಸ್ಸಿ ಸೀಟು ಸಿಕ್ಕಿದ ದಿನ ಸಿಹಿ ಹಿಡಿದು ಮೇಷ್ಟ್ರ ಮನೆಗೆ ಹೋದೆ. ಬಾಯಿ ಸುಮ್ಮನಿರಲಿಲ್ಲ.

“ಆರು ವರ್ಷದಿಂದ ಅವಳಿಗೆ ದಿನಾ ಫೋನ್ ಮಾಡ್ತಿದ್ದೀರ ಸಾರ್. ನಾನು ಓದ್ತಿದೀನಾ ಅಂತ ಒಂದಿನಾನೂ ಕೇಳ್ಲಿಲ್ಲ.”

“ಆರು ವರ್ಷವಾ? ಪರೀಕ್ಷೆ ಮುಗಿದ ಮೇಲೆ ನಾನು ಮಾಡೇ ಇಲ್ಲವಲ್ಲಮ್ಮ.”

“ಮತ್ತೆ ದಿನಾ ಐದಕ್ಕೆ ಹೊಡ್ಕೊಳ್ಳುತ್ತಲ್ಲ, ಅದೇನು?”

ಮೇಷ್ಟ್ರು ಸಿಹಿಯ ಪೊಟ್ಟಣ ಪಕ್ಕಕ್ಕಿಟ್ಟರು.

“ರಿಸಲ್ಟ್ ಬಂದ ದಿನ ಅಳ್ತಾ ಬಂದಿದ್ಲು. ಹೋಗೋವಾಗ, ಐದಕ್ಕೆ ಅದೇ ರಿಂಗಿನ ಅಲಾರಾಂ ಇಟ್ಕೊಡಿ ಸಾರ್, ಗೋಡೆ ಆಚೆ ಇರೋಳು ಏಳಬೇಕಲ್ಲ, ಅಂದ್ಲು.”