ಫೈನಲ್ ಮತ್ತು ಬುಕ್ಕಾಂಬುಧಿ ಬಸ್ಸು

ಮೂರನೆಯ ಕ್ವಾರ್ಟರ್ ಮುಗಿಯುವ ಮೊದಲೇ ಬೃಂದಾ ಚೆಂಡನ್ನು ರೆಫರಿಯ ಕೈಗಿಟ್ಟು, ಜೆರ್ಸಿಯ ಮೇಲೆ ಚೂಡಿದಾರದ ಟಾಪು ಎಳೆದುಕೊಂಡು, ಗೇಟಿನ ಕಡೆ ಓಟ ಕಿತ್ತಳು. ಲಕ್ಕವಳ್ಳಿಯ ಬಸ್ಸು ಬಂದಿತ್ತು. ಅಂತರಘಟ್ಟೆಯವಳು ಅದಕ್ಕೂ ಮೊದಲೇ ಹೋಗಿಯಾಗಿತ್ತು. ಕಡೂರಿನ ಈ ಕಾಲೇಜಿನ ಹುಡುಗಿಯರ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ಯಾರು ಒಳಗೆ, ಯಾರು ಹೊರಗೆ ಎಂದು ತೀರ್ಮಾನಿಸುವುದು ಪಿ.ಟಿ. ಮೇಷ್ಟ್ರು ಸಿದ್ದೇಶ್ ಅಲ್ಲ, ಬಸ್ ಸ್ಟ್ಯಾಂಡಿನ ಕಂಟ್ರೋಲರ್. ಹಾಗಾಗಿ ಕೊನೆಯ ಕ್ವಾರ್ಟರಿಗೆ ಉಳಿಯುವುದು ಆಟ ಬರುವವರಲ್ಲ, ಮನೆ ಹತ್ತಿರ ಇರುವವರು. ಬೆಳಗಿನ ಮ್ಯಾಚುಗಳನ್ನು ಗೆಲ್ಲುತ್ತಿದ್ದರು, ಸಂಜೆಯವನ್ನು ಸೋಲುತ್ತಿದ್ದರು.

ಈ ಫೈನಲ್ಲೂ ಮಧ್ಯಾಹ್ನವೇ ಮುಗಿಯಬೇಕಿತ್ತು. ಮುಖ್ಯ ಅತಿಥಿಗಳು ಎರಡು ಗಂಟೆ ತಡವಾಗಿ ಬಂದು, ಹೆಣ್ಣುಮಕ್ಕಳು ಮುಂದೆ ಬರಬೇಕು ಎಂದು ಅರ್ಧ ಗಂಟೆ ಕೊರೆದು, ಆಟ ನೋಡದೆ ಕಾರು ಹತ್ತಿದ್ದರು.

ಈಗ ಕೊನೆಯ ಕ್ವಾರ್ಟರಿನಲ್ಲಿ ಬುಕ್ಕಾಂಬುಧಿಯ ಹೇಮಾವತಿ ಫ್ರೀ ಥ್ರೋ ಗೆರೆಯ ಹಿಂದೆ ನಿಂತಿದ್ದಳು. ಒಂದು ಪಾಯಿಂಟ್ ಹಿಂದೆ, ಎರಡು ಅವಕಾಶ, ಇನ್ನು ಅರ್ಧ ನಿಮಿಷದ ಆಟ. ಗೇಟಿನ ಹೊರಗೆ ಬುಕ್ಕಾಂಬುಧಿಯ ಕೊನೆಯ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಹೋದ ತಿಂಗಳು ಅದನ್ನು ತಪ್ಪಿಸಿಕೊಂಡು ಹಾಲಿನ ವ್ಯಾನಿನಲ್ಲಿ ಮನೆ ಸೇರಿದಾಗ ಅಪ್ಪ ಸಿದ್ದಪ್ಪ, "ಇನ್ನೊಂದ್ಸಲ ಹಿಂಗಾದ್ರೆ ಆಟಾನೂ ಬ್ಯಾಡ, ಕಾಲೇಜೂ ಬ್ಯಾಡ. ತೋಟದಲ್ಲಿ ಕಾಯಿ ಆಯ್ಕೊಂಡಿರು" ಎಂದಿದ್ದ. ಸಿದ್ದಪ್ಪ ಬರೀ ಬಾಯಲ್ಲಿ ಹೆದರಿಸುವ ಆಸಾಮಿಯಲ್ಲ. ಅಕ್ಕ ಮಾಲಿನಿ ಒಂದು ಸಬ್ಜೆಕ್ಟ್ ಫೇಲಾದ ವಾರವೇ ಅವಳ ಪುಸ್ತಕಗಳನ್ನು ತೂಕಕ್ಕೆ ಹಾಕಿದ್ದ.

"ಎರಡೂ ಮಿಸ್ ಮಾಡಿ ಅಕ್ಕಾ, ಆರಾಮಾಗಿ ಬಸ್ ಸಿಗುತ್ತೆ," ಎಂದಳು ಪಕ್ಕದಲ್ಲಿ ನಿಂತಿದ್ದ ಎದುರು ತಂಡದ ಹುಡುಗಿ. ಅವರು ಸ್ವಂತ ವ್ಯಾನಿನಲ್ಲಿ ಬಂದಿದ್ದರು.

"ಮುಚ್ಚೇ ಬಾಯಿ," ಎಂದು ಹೇಮಾವತಿ ಎರಡನ್ನೂ ಹಾಕಿದಳು. ಒಂದು ಪಾಯಿಂಟ್ ಮುಂದೆ!

ಆಗ ಎದುರು ತಂಡದ ಕೋಚ್ ಮೇಡಂ ಆಟ ನಿಲ್ಲಿಸುವಂತೆ ಟೈಮ್ ಔಟ್ ಕೇಳಿದರು. ಕೇಳಿ ಹುಡುಗಿಯರಿಗೆ ಏನೂ ಹೇಳಿಕೊಡಲಿಲ್ಲ. ಗೇಟಿನ ಕಡೆ ನೋಡುತ್ತ ನಿಧಾನವಾಗಿ ನೀರು ಕುಡಿದರು. ಕಡೂರು ತಂಡದ ಬಸ್ ಟೈಮು ಜಿಲ್ಲೆಯ ಎಲ್ಲ ಕೋಚ್‌ಗಳಿಗೂ ಬಾಯಿಪಾಠವಾಗಿತ್ತು. ಇನ್ನೂ ಒಂದು ಟೈಮ್ ಔಟ್ ಅವರ ಬಳಿ ಬಾಕಿ ಇತ್ತು.

ಕಂಡಕ್ಟರ್ ತೀರ್ಥಪ್ಪ ಕೋರ್ಟಿನ ಅಂಚಿಗೇ ಬಂದ. "ಏನವ್ವ ಬುಕ್ಕಾಂಬುಧಿ, ಬತ್ತೀಯೋ ಇಲ್ವೋ?"

"ಅರ್ಧ ನಿಮಿಷ ತೀರ್ಥಪ್ಪಣ್ಣ, ಕೈ ಮುಗೀತೀನಿ."

"ಆಗ್ಲಿಂದ್ಲೂ ಅರ್ಧ ನಿಮಿಷಾನೇ ಅಂತಿದೀರ. ಬಸ್ಸಲ್ಲಿ ಕೂತಿರೋರೆಲ್ಲಾ ನಿಮ್ಮಾಟ ನೋಡಕ್ಕೆ ಟಿಕೇಟ್ ತಗೊಂಡವ್ರಾ?"

ಸಿದ್ದೇಶ್ ಮೇಷ್ಟ್ರು ಅಡ್ಡ ಬಂದರು. ಕಾಲೇಜಿಗೆ ಇದುವರೆಗೆ ಒಂದು ಕಪ್ಪೂ ಬಂದಿರಲಿಲ್ಲ. "ಹೇಮಾ, ನಿಲ್ಲಮ್ಮ. ಬೈಕಲ್ಲಿ ನಾನೇ ಬಿಟ್ಟು ಬರ್ತೀನಿ."

"ನಿಮ್ಮ ಬೈಕಿಂದ ಇಳಿದ್ರೆ ನಮ್ಮಪ್ಪ ಕಾಲೇಜು ಬಿಡಿಸೋದಿರ್ಲಿ, ನಿಮ್ಮ ಕಾಲು ಮುರೀತಾನೆ ಸರ್."

"ಹೋಗ್ಲಿ, ಫೋನ್ ಮಾಡಿ ನಾನೇ ಮಾತಾಡ್ಲಾ?"

"ಹೋದ್ಸಲ ನೀವು ಮಾತಾಡಿದ್ಮೇಲೇ ಸರ್, ನಮ್ಮಪ್ಪ ಈ ರೂಲ್ಸ್ ಮಾಡಿದ್ದು."

ಎರಡನೆಯ ಟೈಮ್ ಔಟಿನ ಸೀಟಿ ಕೇಳಿಸಿತು. ತೀರ್ಥಪ್ಪ ತಿರುಗಿಯೂ ನೋಡದೆ ಹೊರಟ. ಹೇಮಾವತಿ ಚೀಲ ಎತ್ತಿಕೊಂಡು ಬೆಂಚಿನಲ್ಲಿದ್ದ ಅಶ್ವಿನಿಯ ಭುಜ ಹಿಡಿದಳು. ಅಶ್ವಿನಿಯ ಮನೆ ಕಾಲೇಜಿನ ಕಾಂಪೌಂಡಿಗೆ ಅಂಟಿಕೊಂಡಿತ್ತು. ತಂಡದಲ್ಲಿ ಅವಳಿಗಿದ್ದ ಅರ್ಹತೆ ಅದೊಂದೇ.

"ನೋಡೇ, ಆ ಉದ್ದನೆ ಹುಡುಗಿ ಮುಂದೆ ಕೈ ಎತ್ಕೊಂಡು ನಿಂತ್ಕೋ. ಅಷ್ಟೇ. ಮುಟ್ಬೇಡ, ಫೌಲಾಗುತ್ತೆ."

"ಅವ್ಳೇ ಬಂದು ಮೈಮೇಲೆ ಬಿದ್ರೆ?"

"ಬೀಳ್ಲಿ. ನೀನು ಮುಟ್ಬೇಡ ಕಣೇ."

ಬಸ್ಸಿನ ಕಿಟಕಿಯಿಂದ ಕಾಂಪೌಂಡಿನ ಮೇಲೆ ರಿಂಗು, ಅದರ ಹಿಂದಿನ ಬೋರ್ಡು ಮಾತ್ರ ಕಾಣುತ್ತಿದ್ದವು; ಹುಡುಗಿಯರು ಕಾಣುತ್ತಿರಲಿಲ್ಲ. ಬಸ್ಸು ತಿರುಗುವವರೆಗೂ ಹೇಮಾವತಿ ಆ ಖಾಲಿ ರಿಂಗನ್ನೇ ನೋಡಿದಳು. ಬೀರೂರು ದಾಟುವಾಗ ಫೋನಿಗೆ ಅಶ್ವಿನಿಯ ಮೆಸೇಜು ಬಂತು. "ಮುಟ್ಟಿಬಿಟ್ಟೆ ಕಣೇ. ಫ್ರೀ ಥ್ರೋ ಎರಡೂ ಹಾಕಿದ್ಲು. ಹೋಯ್ತು."

ಹೇಮಾವತಿ ಬಾಯಿಗೆ ಬಂದಿದ್ದನ್ನು ಗಟ್ಟಿಯಾಗಿಯೇ ಬೈದಳು. ಪಕ್ಕದ ಸೀಟಿನ ಮುದುಕಿ ಬೆಚ್ಚಿಬಿದ್ದು, "ಯಾರಿಗವ್ವಾ?" ಎಂದಳು.

"ಟೈಮ್ ಔಟ್ ಅಂತ ಒಂದು ಕಂಡುಹಿಡಿದವ್ನಲ್ಲ ಅಜ್ಜಿ, ಅವ್ನಿಗೆ."

"ಅವನ ಮನೆ ಹಾಳಾಗ," ಎಂದು ಮುದುಕಿ ತನ್ನದೂ ಒಂದು ಸೇರಿಸಿ ಮತ್ತೆ ತೂಕಡಿಸಿದಳು.

ಬುಕ್ಕಾಂಬುಧಿಯಲ್ಲಿ ಹೇಮಾವತಿ ಬಸ್ಸಿನಿಂದ ಇಳಿದಾಗ ಸಿದ್ದಪ್ಪ ಟೀ ಅಂಗಡಿಯ ಮುಂದೆ ಇಬ್ಬರು ಗೆಳೆಯರ ಜೊತೆ ಕೂತಿದ್ದ. ಮಗಳನ್ನು ಕಂಡು ಅವನ ಮುಖ ಅರಳಿತು. "ನೋಡ್ರಪ್ಪ, ಹಿಂಗೆ ಹೊತ್ತಿಗ್ ಸರ್ಯಾಗಿ ಮನೆ ಸೇರಿದ್ರೆ ನಾನ್ಯಾಕೆ ಆಟ ಬ್ಯಾಡ ಅನ್ಲಿ? ಏನಾಯ್ತವ್ವ ಮ್ಯಾಚು?"

"ಸೋತ್ವಿ."

"ಎಷ್ಟರಲ್ಲಿ?"

"ಒಂದು ಪಾಯಿಂಟಲ್ಲಿ."

ಸಿದ್ದಪ್ಪ ನಿಜಕ್ಕೂ ನೊಂದುಕೊಂಡ. ಟೀ ಲೋಟ ಕೆಳಗಿಟ್ಟು, ಗೆಳೆಯರಿಗೂ ಕೇಳಲಿ ಎಂಬಂತೆ ಹೇಳಿದ:

"ಒಂದೇ ಒಂದಾ? ಥೂ! ಆಟ ಅಂದ್ಮೇಲೆ ಕೊನೇಗಂಟ ನಿಂತು ಆಡ್ಬೇಕು ಕಣವ್ವ."